ಮಾಹಿತಿಯೂ ಒಂದು ಸೇವೆಯೇ: ಸ್ಥಳೀಯ ಆಡಳಿತದ ಜಾಲತಾಣಗಳಿಗೆ ಜನ ಬರುವ ಬಗೆ

ಸ್ಥಳೀಯ ಆಡಳಿತದ ಜಾಲತಾಣವನ್ನು ಯಾರೂ ಹೊತ್ತು ಕಳೆಯಲೆಂದು ತೆರೆಯುವುದಿಲ್ಲ. ಮನೆಯಲ್ಲಿ ಮಗು ಹುಟ್ಟಿರುತ್ತದೆ ಅಥವಾ ಹಿರಿಯರೊಬ್ಬರು ತೀರಿಕೊಂಡಿರುತ್ತಾರೆ, ಮನೆ ಕೊಂಡಿರುತ್ತಾರೆ, ಹೊಸ ವ್ಯಾಪಾರಕ್ಕೆ ಪರವಾನಗಿ ಬೇಕಾಗಿರುತ್ತದೆ, ಬೀದಿದೀಪ ಕೆಟ್ಟು ಬಹಳ ದಿನವಾಗಿರುತ್ತದೆ, ತೆರಿಗೆ ಕಟ್ಟಲು ಕೊನೆಯ ದಿನ ಯಾವುದೆಂಬ ಅನುಮಾನ ಬಂದಿರುತ್ತದೆ. ಇಂಥ ಒಂದು ನಿರ್ದಿಷ್ಟ ಕೆಲಸವನ್ನು ತಲೆಯಲ್ಲಿಟ್ಟುಕೊಂಡು ಬಂದವರು ಅದು ಮುಗಿದೊಡನೆ ಹೊರಟುಹೋಗುತ್ತಾರೆ. ಮತ್ತೆ ಬರುವುದು ಇನ್ನೊಂದು ಅಗತ್ಯ ಹುಟ್ಟಿದಾಗ, ಅದಕ್ಕೆ ವರ್ಷಗಳೇ ಹಿಡಿದರೂ ಹಿಡಿಯಬಹುದು. ದಿನವೂ ತೆರೆಯುವ ಬ್ಯಾಂಕಿನ ಆ್ಯಪ್ ಕೈಗೆ ಪಳಗುವಂತೆ ಈ ಜಾಲತಾಣ ಯಾರ ಕೈಗೂ ಪಳಗುವುದಿಲ್ಲ. ಹೀಗಾಗಿ ಇಲ್ಲಿಗೆ ಬರುವವರು ಬಹುಪಾಲು ಪ್ರತಿ ಸಲವೂ ಹೊಸಬರೇ ಆಗಿರುತ್ತಾರೆ, ಮತ್ತು ಅವರಲ್ಲಿ ಅನೇಕರು ದುಃಖ, ಆತುರ ಅಥವಾ ಗಾಬರಿಯ ನಡುವೆ ಪರದೆಯ ಮುಂದೆ ಕುಳಿತಿರುತ್ತಾರೆ. ಜಾಲತಾಣ ರೂಪಿಸುವವರು ಮೊದಲು ನೆನಪಿಡಬೇಕಾದ ಸಂಗತಿ ಇದು, ಬಹಳ ಬೇಗ ಮರೆತುಹೋಗುವ ಸಂಗತಿಯೂ ಇದೇ.

ಬಿಡುವಿದ್ದಾಗ ನಾನು ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರ್ ಕೊಠಡಿಯಲ್ಲಿ ಕುಳಿತು ಇಂಥ ಕೆಲಸಗಳಿಗಾಗಿ ಬರುವವರಿಗೆ ನೆರವಾಗುತ್ತೇನೆ. ಅವರ ಬೆರಳು ಪರದೆಯ ಮೇಲೆ ಎಲ್ಲಿ ತಡವರಿಸುತ್ತದೆ, ಯಾವ ಸಾಲನ್ನು ಎರಡೆರಡು ಸಲ ಓದುತ್ತಾರೆ, ಎಲ್ಲಿಗೆ ಬಂದು ಕೈಚೆಲ್ಲುತ್ತಾರೆ ಎಂಬುದನ್ನು ಪಕ್ಕದಲ್ಲೇ ಕುಳಿತು ಗಮನಿಸುತ್ತ ಬಂದ ನನಗೆ ಒಂದು ಮಾತು ಖಚಿತವಾಗಿದೆ. ಆಡಳಿತಗಳು ತಮ್ಮ ಜಾಲತಾಣವನ್ನು ‘ಮಾಹಿತಿ’ ಮತ್ತು ‘ಸೇವೆ’ ಎಂದು ಎರಡು ಭಾಗ ಮಾಡಿಕೊಂಡು, ಹಣವನ್ನೂ ಶ್ರಮವನ್ನೂ ಎರಡನೆಯದಕ್ಕೆ, ಅಂದರೆ ಅರ್ಜಿ ತುಂಬುವ ಮತ್ತು ಶುಲ್ಕ ಪಾವತಿಸುವ ವ್ಯವಸ್ಥೆಗೆ ಸುರಿಯುತ್ತವೆ. ಜನರ ತೊಡಕುಗಳು ಮಾತ್ರ ಹೆಚ್ಚಾಗಿ ಅರ್ಜಿಯ ಆಚೀಚೆ ಇರುತ್ತವೆ: ಅರ್ಜಿ ಹಾಕುವ ಮೊದಲು ಏನೇನು ಹೊಂದಿಸಿಕೊಳ್ಳಬೇಕೆಂದು ತಿಳಿಯುವಲ್ಲಿ, ಹಾಕಿದ ಮೇಲೆ ಅದು ಎಲ್ಲಿಯವರೆಗೆ ಬಂತೆಂದು ತಿಳಿಯುವಲ್ಲಿ. ಆ ಎರಡು ಹಂತಗಳಲ್ಲಿ ಸಿಗುವ ಸ್ಪಷ್ಟವಾದ, ನಂಬಬಹುದಾದ ಮಾಹಿತಿಯನ್ನೇ ಸೇವೆಯ ಮುಖ್ಯ ಭಾಗವೆಂದು ಪರಿಗಣಿಸಬೇಕು ಎಂಬುದು ನನ್ನ ವಾದ.

ಪತಿಯನ್ನು ಕಳೆದುಕೊಂಡ ಹಿರಿಯ ಮಹಿಳೆಯೊಬ್ಬರು ಮನೆಯ ತೆರಿಗೆ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಅವರು ಫೋನಿನಲ್ಲಿ ಹುಡುಕಿದಾಗ ಮೊದಲು ಸಿಕ್ಕಿದ್ದು ಹಲವು ವರ್ಷ ಹಳೆಯ ಸುತ್ತೋಲೆಯೊಂದರ ಸ್ಕ್ಯಾನ್ ಪ್ರತಿ. ಅದು ಇಂದಿಗೂ ಜಾರಿಯಲ್ಲಿದೆಯೇ ಇಲ್ಲವೇ ಎಂದು ಹೇಳುವ ಒಂದು ಸಾಲೂ ಅಲ್ಲಿರಲಿಲ್ಲ. ಅಲ್ಲಿಂದ ಮುಖಪುಟಕ್ಕೆ ಹೋದರೆ ಒಂದರ ಹಿಂದೊಂದು ಸರಿಯುವ ಸಮಾರಂಭಗಳ ಚಿತ್ರಗಳು, ಅದರ ಕೆಳಗೆ ಇಲಾಖೆಗಳ ಉದ್ದನೆಯ ಪಟ್ಟಿ. ತಮ್ಮ ಕೆಲಸ ಕಂದಾಯದವರದೋ, ತೆರಿಗೆಯವರದೋ, ಮರಣ ದಾಖಲೆ ಕೊಟ್ಟ ಆರೋಗ್ಯ ವಿಭಾಗದವರದೋ ಅವರಿಗೆ ಹೇಗೆ ತಿಳಿಯಬೇಕು? ಒಂದೆರಡು ಕಡೆ ಒತ್ತಿ ನೋಡಿ, ಲಾಗಿನ್ ಕೇಳಿದಲ್ಲಿಂದ ಹಿಂದೆ ಸರಿದು, ಕೊನೆಗೆ ಪುಟದ ತಳಕ್ಕೆ ಜಾರಿ ದೂರವಾಣಿ ಸಂಖ್ಯೆ ಹುಡುಕಿದರು. “ಇದನ್ನೆಲ್ಲ ತುಂಬೋದು ಆಮೇಲಾಯ್ತು, ಮೊದಲು ಏನೇನು ತರಬೇಕು ಅಂತ ಎಲ್ಲಿದೆ ನೋಡಪ್ಪ” ಎಂದು ನನ್ನನ್ನು ಕೇಳಿದರು. ಅವರಿಗೆ ಬೇಕಿದ್ದುದು ಮೂರೇ ಉತ್ತರ: ಯಾವ ದಾಖಲೆಗಳು ಬೇಕು, ಮೂಲಪ್ರತಿಯೇ ಆಗಬೇಕೇ ಅಥವಾ ನಕಲು ಸಾಕೇ, ತಾವೇ ಖುದ್ದಾಗಿ ಬರಬೇಕೇ. ಆ ಜಾಲತಾಣದಲ್ಲಿ ಆನ್‌ಲೈನ್ ಅರ್ಜಿಯ ಸೌಲಭ್ಯವೇನೋ ಚೆನ್ನಾಗಿಯೇ ಇತ್ತು, ಆದರೆ ಈ ಮೂರು ಪ್ರಶ್ನೆಗಳಿಗೆ ಉತ್ತರ ಅರ್ಜಿಯ ನಾಲ್ಕನೆಯ ಪುಟಕ್ಕೆ ಹೋದ ಮೇಲಷ್ಟೇ, ಅದೂ ‘ದಾಖಲೆ ಅಪ್‌ಲೋಡ್ ಮಾಡಿ’ ಎಂಬ ಪೆಟ್ಟಿಗೆಗಳ ಹೆಸರುಗಳ ರೂಪದಲ್ಲಿ ಗೋಚರಿಸುತ್ತಿತ್ತು.

ವಿಚಿತ್ರವೆಂದರೆ, ಈ ಉತ್ತರಗಳು ಆಡಳಿತದ ಬಳಿ ಇಲ್ಲದಿರುವುದಿಲ್ಲ. ಕೌಂಟರಿನಲ್ಲಿ ಕುಳಿತಿರುವ ಗುಮಾಸ್ತರನ್ನು ಕೇಳಿದರೆ ಉಸಿರು ಕಟ್ಟದೆ ಹೇಳಿಬಿಡುತ್ತಾರೆ: ಇಂಥ ದಾಖಲೆ ತನ್ನಿ, ಇದರ ನಕಲು ಸಾಕು, ಅದರ ಮೂಲಪ್ರತಿ ತೋರಿಸಿ ವಾಪಸ್ ತೆಗೆದುಕೊಂಡು ಹೋಗಬಹುದು, ಹೆಸರಿನ ಅಕ್ಷರದಲ್ಲಿ ವ್ಯತ್ಯಾಸವಿದ್ದರೆ ಅಫಿಡವಿಟ್ ಮಾಡಿಸಬೇಕು, ಸುಮಾರು ಇಷ್ಟು ದಿನ ಹಿಡಿಯುತ್ತದೆ. ದಿನವೂ ಹತ್ತಾರು ಜನರಿಗೆ ಬಾಯಿಮಾತಿನಲ್ಲಿ ಹೇಳುವ ಈ ತಿಳಿವಳಿಕೆ ಜಾಲತಾಣಕ್ಕೆ ಬರುವಷ್ಟರಲ್ಲಿ ಕಾಯ್ದೆಯ ಸೆಕ್ಷನ್ನುಗಳಾಗಿಯೋ ಇಲಾಖೆಯ ಧ್ಯೇಯೋದ್ದೇಶಗಳಾಗಿಯೋ ಮಾರ್ಪಟ್ಟಿರುತ್ತದೆ. ಪುಟವನ್ನು ಬರೆಯುವ ಹೊಣೆ ಕಂಪ್ಯೂಟರ್ ವಿಭಾಗಕ್ಕೋ ಹೊರಗಿನ ಗುತ್ತಿಗೆದಾರರಿಗೋ ಹೋಗಿರುತ್ತದೆ. ಅವರಿಗೆ ವಿಷಯ ಗೊತ್ತಿಲ್ಲ, ವಿಷಯ ಗೊತ್ತಿರುವವರನ್ನು ಯಾರೂ ಕೇಳಿಲ್ಲ. ಒಳ್ಳೆಯ ಪುಟ ಬೇಕೆಂದರೆ ಕೌಂಟರಿನ ಗುಮಾಸ್ತರ ಪಕ್ಕದಲ್ಲಿ ಒಂದು ದಿನ ಕುಳಿತು, ಅವರು ಹೇಳುವುದನ್ನು ಅದೇ ಕ್ರಮದಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ದೂರವಾಣಿಗೆ ಉತ್ತರಿಸುವವರ ಬಳಿ ಜನ ಯಾವ ಪ್ರಶ್ನೆಯನ್ನು ಪದೇ ಪದೇ ಕೇಳುತ್ತಿದ್ದಾರೆ ಎಂಬುದನ್ನು ಗುರುತು ಹಾಕಿಕೊಂಡರೆ ಉಳಿದರ್ಧದ ಬಹುಭಾಗವೂ ಸಿಗುತ್ತದೆ.

ಇಲಾಖೆಗಳ ಪಟ್ಟಿಯ ಸಮಸ್ಯೆ ಇದಕ್ಕಿಂತ ಆಳವಾದದ್ದು. ಒಂದೇ ಊರಿನಲ್ಲಿ ಒಂದು ರಸ್ತೆ ಒಂದು ಸಂಸ್ಥೆಗೆ, ಪಕ್ಕದ ರಸ್ತೆ ಇನ್ನೊಂದಕ್ಕೆ, ಚರಂಡಿ ಮತ್ತೊಂದಕ್ಕೆ ಸೇರಿರುವುದು ಜಗತ್ತಿನ ಎಲ್ಲೆಡೆ ಸಾಮಾನ್ಯ. ಯಾವುದು ಯಾರದೆಂದು ತಿಳಿದುಕೊಂಡು ಸರಿಯಾದ ಜಾಲತಾಣಕ್ಕೆ ಹೋಗುವ ಹೊಣೆಯನ್ನು ನಾಗರಿಕರ ತಲೆಗೆ ಕಟ್ಟುವುದು ಸರಿಯಲ್ಲ ಎಂಬ ಸರಳ ವಿಚಾರವನ್ನು ಚೆನ್ನಾಗಿ ಕಾರ್ಯರೂಪಕ್ಕೆ ತಂದವರು ಬ್ರಿಟನ್ನಿನ ಮೈಸೊಸೈಟಿ ಎಂಬ ಸಂಸ್ಥೆಯವರು. 2007ರಲ್ಲಿ ಅವರು ಆರಂಭಿಸಿದ ‘ಫಿಕ್ಸ್‌ಮೈಸ್ಟ್ರೀಟ್’ ತಾಣದಲ್ಲಿ ರಸ್ತೆಯ ಗುಂಡಿ, ಕೆಟ್ಟ ದೀಪ, ಎಸೆದ ಕಸ ಇತ್ಯಾದಿಗಳ ಬಗ್ಗೆ ದೂರು ಕೊಡಬೇಕಾದವರು ಯಾವ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ), ಯಾವ ವಿಭಾಗ ಎಂದು ಯೋಚಿಸಬೇಕಾಗಿಲ್ಲ. ಭೂಪಟದ ಮೇಲೆ ಸ್ಥಳ ಗುರುತಿಸಿ, ಸಮಸ್ಯೆಯ ಬಗೆಯನ್ನು ಆರಿಸಿದರೆ ಅದು ಯಾರ ವ್ಯಾಪ್ತಿಗೆ ಬರುತ್ತದೆಂದು ತಾಣವೇ ಕಂಡುಹಿಡಿದು ಅವರಿಗೆ ಕಳುಹಿಸುತ್ತದೆ. ಅದಕ್ಕಿಂತಲೂ ನನಗೆ ಮುಖ್ಯವೆನಿಸುವುದು, ಆ ದೂರು ಎಲ್ಲರಿಗೂ ಕಾಣುವಂತೆ ಭೂಪಟದ ಮೇಲೆ ಉಳಿಯುತ್ತದೆ ಎಂಬುದು. ಪಕ್ಕದ ಮನೆಯವರು ಅದೇ ಗುಂಡಿಯ ಬಗ್ಗೆ ಬರೆಯಲು ಬಂದರೆ, ಈಗಾಗಲೇ ದೂರು ಹೋಗಿದೆ, ಇಂಥ ದಿನ ಹೋಗಿದೆ, ಇಂಥ ಉತ್ತರ ಬಂದಿದೆ ಎಂದು ಅವರಿಗೆ ಅಲ್ಲೇ ಗೊತ್ತಾಗುತ್ತದೆ. ಇಲ್ಲಿ ದೂರು ಎಂಬ ಸೇವೆಯೂ ಅದರ ಸ್ಥಿತಿ ಎಂಬ ಮಾಹಿತಿಯೂ ಬೇರೆ ಬೇರೆಯಾಗಿ ಉಳಿದಿಲ್ಲ. ಅದರ ತಂತ್ರಾಂಶ ಯಾರು ಬೇಕಾದರೂ ಬಳಸಿಕೊಳ್ಳುವಂತೆ ಮುಕ್ತವಾಗಿರುವುದರಿಂದ ನಾರ್ವೆಯಲ್ಲೂ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲೂ ಅದೇ ಮಾದರಿಯ ತಾಣಗಳು ಬಂದವು.

ಅಮೆರಿಕದಲ್ಲಿ ಇದೇ ಸಮಸ್ಯೆಗೆ ಬೇರೆ ದಾರಿಯಿಂದ ಉತ್ತರ ಹುಡುಕಿದರು. 1996ರಲ್ಲಿ ಬಾಲ್ಟಿಮೋರ್ ನಗರ, ತುರ್ತಲ್ಲದ ಕರೆಗಳು ತುರ್ತು ನೆರವಿನ 911 ಸಂಖ್ಯೆಯನ್ನು ಮುಚ್ಚಿಹಾಕದಿರಲೆಂದು 311 ಎಂಬ ಸಂಖ್ಯೆಯನ್ನು ಆರಂಭಿಸಿತು; 2003ರಲ್ಲಿ ನ್ಯೂಯಾರ್ಕ್ ನಗರ ಅದೇ ಸಂಖ್ಯೆಯನ್ನು ಆಡಳಿತದ ಎಲ್ಲ ವಿಚಾರಣೆಗಳಿಗೂ ಒಂದೇ ಬಾಗಿಲನ್ನಾಗಿ ಮಾಡಿತು. ಅದು ಮುಂದೆ ಜಾಲತಾಣವೂ ಆ್ಯಪ್ ಕೂಡ ಆಯಿತು, ಅಲ್ಲಿ ದಾಖಲಾಗುವ ಕೋರಿಕೆಗಳ ವಿವರಗಳನ್ನು ನಗರವು ಯಾರು ಬೇಕಾದರೂ ನೋಡಿ ಬಳಸಬಹುದಾದ ಮುಕ್ತ ದತ್ತಾಂಶವಾಗಿ ಪ್ರಕಟಿಸುತ್ತದೆ. ಜನ ಕೇಳುವ ಪ್ರಶ್ನೆಗಳನ್ನೇ ಆಡಳಿತದ ಪಾಠವಾಗಿ ಓದಬಹುದೆಂದು ತೋರಿಸಿಕೊಟ್ಟದ್ದು ಈ ಪ್ರಯೋಗದ ದೊಡ್ಡ ಲಾಭ. ಬ್ರಿಟನ್ ಸರ್ಕಾರ 2012ರ ಅಕ್ಟೋಬರಿನಲ್ಲಿ ತನ್ನ ಎರಡು ದೊಡ್ಡ ಜಾಲತಾಣಗಳನ್ನು ಮುಚ್ಚಿ ಒಂದೇ ತಾಣವನ್ನು ತಂದಾಗ, ಕಸ ಸಂಗ್ರಹದಂಥ ಸ್ಥಳೀಯ ವಿಷಯ ಹುಡುಕಿ ಬಂದವರಿಂದ ಅವರ ಅಂಚೆ ಸಂಕೇತವೊಂದನ್ನೇ ಕೇಳಿ, ಅವರ ಕೌನ್ಸಿಲಿನ ಅದೇ ವಿಷಯದ ಪುಟಕ್ಕೆ ನೇರವಾಗಿ ದಾಟಿಸುವ ಏರ್ಪಾಡನ್ನೂ ಮಾಡಿತು. ಯಾವ ಕೌನ್ಸಿಲ್ ಎಂದು ಗೊತ್ತಿಲ್ಲದವರಿಗೂ ತಮ್ಮ ಮನೆಯ ವಿಳಾಸ ಗೊತ್ತಿರುತ್ತದೆ. ಜನರಿಗೆ ಗೊತ್ತಿರುವುದರಿಂದ ಶುರುಮಾಡಿ ಗೊತ್ತಿಲ್ಲದಿರುವುದರ ಕಡೆಗೆ ಕರೆದೊಯ್ಯುವ ಈ ಕ್ರಮ ಎಷ್ಟು ಸಹಜವೋ ಅಷ್ಟೇ ಅಪರೂಪ.

ಮುಖಪುಟದ ಅಂದಚೆಂದದ ಮೇಲೆ ಎಷ್ಟೇ ಚರ್ಚೆ ನಡೆದರೂ ಬಹಳ ಜನ ಅದನ್ನು ನೋಡುವುದೇ ಇಲ್ಲ. ಅವರು ಸರ್ಚ್ ಎಂಜಿನ್ನಿನಲ್ಲಿ ಆಡುಮಾತಿನ ನಾಲ್ಕು ಪದ ಹಾಕಿ, ಜಾಲತಾಣದ ನಟ್ಟನಡುವಿನ ಯಾವುದೋ ಪುಟಕ್ಕೆ ನೇರವಾಗಿ ಬಂದಿಳಿಯುತ್ತಾರೆ. ಹಾಗೆ ಬಂದಿಳಿದ ಪುಟದಲ್ಲಿ ಇದು ಯಾವ ಆಡಳಿತಕ್ಕೆ ಸೇರಿದ್ದು, ಯಾವ ದಿನಾಂಕದವರೆಗೆ ಸರಿಯಾದದ್ದು, ಮುಂದೆ ಎಲ್ಲಿಗೆ ಹೋಗಬೇಕು ಎಂಬ ಮೂರು ಸಂಗತಿಗಳು ಇರಲೇಬೇಕು. ದಿನಾಂಕದ ಬಗ್ಗೆ ನನಗೆ ಸ್ವಲ್ಪ ಹಟವೇ ಇದೆ. ಪುಟದ ತಳದಲ್ಲಿ ತಾನಾಗಿ ಬದಲಾಗುವ ‘ಕೊನೆಯ ಬಾರಿ ನವೀಕರಿಸಿದ್ದು’ ಎಂಬ ಸಾಲು ಇಡೀ ಜಾಲತಾಣದ ಮಾತಾಗಿರುತ್ತದೆ, ಮುಂದಿರುವ ಮಾಹಿತಿಯದ್ದಲ್ಲ. ಅದನ್ನು ನಂಬಿ ಹಳೆಯ ಶುಲ್ಕ, ಹಳೆಯ ನಮೂನೆ, ಬದಲಾದ ಕಚೇರಿ ವೇಳೆ ಹಿಡಿದುಕೊಂಡು ಹೋದವರು ಒಂದು ದಿನದ ಕೂಲಿ ಅಥವಾ ರಜೆ ಕಳೆದುಕೊಳ್ಳುತ್ತಾರೆ. ಮಾಹಿತಿ ಇಲ್ಲದಿದ್ದರೆ ಜನ ಕರೆ ಮಾಡಿಯಾದರೂ ಕೇಳುತ್ತಾರೆ, ತಪ್ಪು ಮಾಹಿತಿ ಇದ್ದರೆ ಕೇಳದೆಯೇ ಹೊರಟುಬಿಡುತ್ತಾರೆ. ಆದ್ದರಿಂದ ಹಳೆಯ ಪುಟವನ್ನು ತೆಗೆದುಹಾಕುವುದು ಹೊಸ ಪುಟ ಬರೆಯುವಷ್ಟೇ ದೊಡ್ಡ ಕೆಲಸ. ಕಾಗದವನ್ನು ಸ್ಕ್ಯಾನ್ ಮಾಡಿ ಚಿತ್ರದಂತೆ ಏರಿಸಿದ ಪಿಡಿಎಫ್ ಕಡತಗಳದ್ದು ಇನ್ನೊಂದು ತೊಂದರೆ: ಅದರೊಳಗಿನ ಅಕ್ಷರಗಳು ಹುಡುಕಾಟಕ್ಕೆ ಸಿಗುವುದು ಕಷ್ಟ, ಪುಟ್ಟ ಫೋನಿನಲ್ಲಿ ಓದಲು ಬರುವುದಿಲ್ಲ, ಕಣ್ಣು ಕಾಣದವರ ಓದು ತಂತ್ರಾಂಶಕ್ಕೆ ಅದು ಖಾಲಿ ಹಾಳೆ. ಭಾರತದ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಯಾರೂ ಕೇಳುವ ಮೊದಲೇ ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ಮಾಹಿತಿಯನ್ನು ಸ್ಥಳೀಯ ಭಾಷೆಯನ್ನೂ ಗಮನದಲ್ಲಿಟ್ಟುಕೊಂಡು ಜನರಿಗೆ ಸುಲಭವಾಗಿ ಎಟುಕುವಂತೆ ಪ್ರಕಟಿಸಬೇಕೆನ್ನುತ್ತದೆ. ಸ್ಕ್ಯಾನ್ ಮಾಡಿದ ಹಾಳೆಯನ್ನು ಏರಿಸಿ ಕೈತೊಳೆದುಕೊಳ್ಳುವುದರಿಂದ ಆ ಆಶಯ ಈಡೇರುವುದಿಲ್ಲ.

ಸರ್ಚ್ ಮೂಲಕ ಬರುವವರಿಗೆ ಇನ್ನೊಂದು ಅಪಾಯವೂ ಇದೆ. ಉಚಿತವಾಗಿ ಸಿಗುವ ಪ್ರಮಾಣಪತ್ರಕ್ಕೆ ಹಣ ಪಡೆದು ಅರ್ಜಿ ಹಾಕಿಕೊಡುವ, ಸರ್ಕಾರದ್ದೇ ಎಂಬಂತೆ ತೋರುವ ಖಾಸಗಿ ತಾಣಗಳು ಜಾಹೀರಾತಿನ ಬಲದಿಂದ ಮೊದಲ ಸಾಲಿನಲ್ಲೇ ನಿಂತಿರುತ್ತವೆ. ಅಸಲಿ ಯಾವುದು ಎಂದು ಗುರುತಿಸಲು ಜನರಿಗಿರುವ ಸುಲಭದ ಆಧಾರ ಜಾಲತಾಣದ ವಿಳಾಸ. ಅಮೆರಿಕದಲ್ಲಿ ಸರ್ಕಾರಗಳಿಗೆಂದೇ ಮೀಸಲಾದ ಡಾಟ್ ಗವ್ ವಿಳಾಸಕ್ಕೆ ಮೊದಲು ವಾರ್ಷಿಕ ಶುಲ್ಕವಿತ್ತು; ಸಣ್ಣ ಪುರಸಭೆಗಳು ಅಗ್ಗದ ಡಾಟ್ ಕಾಮ್ ವಿಳಾಸಗಳಲ್ಲೇ ಉಳಿದಿದ್ದವು. 2021ರ ಏಪ್ರಿಲಿನಲ್ಲಿ ಆ ಶುಲ್ಕವನ್ನು ತೆಗೆದುಹಾಕಿದ್ದು ಸಣ್ಣ ಕ್ರಮದಂತೆ ಕಂಡರೂ ನನ್ನ ದೃಷ್ಟಿಯಲ್ಲಿ ಬಹಳ ಬೆಲೆಯುಳ್ಳದ್ದು. ಸರ್ಕಾರಿ ವಿಳಾಸ ಹೇಗಿರುತ್ತದೆಂಬುದನ್ನು ತೆರಿಗೆ ಬಿಲ್ಲಿನ ಮೇಲೂ ಕಚೇರಿಯ ಫಲಕದ ಮೇಲೂ ದಪ್ಪ ಅಕ್ಷರದಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು.

ಇನ್ನು ಅರ್ಜಿಯ ವಿಷಯ. ಜನ ಅರ್ಜಿಯನ್ನು ಒಂದೇ ಸಲಕ್ಕೆ ಕುಳಿತು ತುಂಬುವುದಿಲ್ಲ ಎಂಬುದನ್ನು ಪಕ್ಕದಲ್ಲಿ ಕುಳಿತು ನೋಡಿದವರಿಗಷ್ಟೇ ಗೊತ್ತಾಗುತ್ತದೆ. ಎರಡನೆಯ ಪುಟದಲ್ಲಿ ಯಾವುದೋ ಸಂಖ್ಯೆ ಕೇಳಿದಾಗ ಎದ್ದು ಚೀಲದಲ್ಲಿ ಕಾಗದ ಹುಡುಕುತ್ತಾರೆ, ಸಿಗದಿದ್ದರೆ ಮನೆಗೆ ಫೋನ್ ಮಾಡಿ ಓದಿಸುತ್ತಾರೆ; ಅಷ್ಟರಲ್ಲಿ ಸಮಯ ಮುಗಿದು ಪರದೆ ಖಾಲಿಯಾಗಿರುತ್ತದೆ, ತುಂಬಿದ್ದೆಲ್ಲ ಹೋಗಿರುತ್ತದೆ. ಒಟಿಪಿ ಬರುವುದು ಬೇರೆ ಊರಿನಲ್ಲಿರುವ ಮಗನ ಫೋನಿಗೆ, ಏಕೆಂದರೆ ಎಂದೋ ಒಮ್ಮೆ ಆತನ ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಆತ ಕೆಲಸದಲ್ಲಿದ್ದು, ಸಂದೇಶ ನೋಡಿ, ಆರು ಅಂಕಿಗಳನ್ನು ಹೇಳುವಷ್ಟರಲ್ಲಿ ಅದರ ಅವಧಿ ತೀರಿರುತ್ತದೆ. ಫೋಟೊದ ಗಾತ್ರ ಇಷ್ಟು ಕೆಬಿಗಿಂತ ಹೆಚ್ಚಿರಬಾರದು ಎಂಬ ನಿಯಮ ಫೋಟೊ ಏರಿಸಿ ತಿರಸ್ಕೃತವಾದ ಮೇಲಷ್ಟೇ ಕೆಂಪಕ್ಷರದಲ್ಲಿ ಕಾಣಿಸುತ್ತದೆ. ಫೋನಿನ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಿರುತ್ತದೆ, ಅದನ್ನು ಕುಗ್ಗಿಸುವುದು ಹೇಗೆಂದು ಗೊತ್ತಿಲ್ಲದವರು ಅಲ್ಲಿಗೇ ನಿಲ್ಲಿಸಿ ಮಧ್ಯವರ್ತಿಯ ಬಳಿಗೆ ಹೋಗುತ್ತಾರೆ. ಚಿತ್ರವನ್ನು ತಾನೇ ಕುಗ್ಗಿಸಿಕೊಳ್ಳುವುದು ಜಾಲತಾಣಕ್ಕೆ ಕಷ್ಟದ ಕೆಲಸವಲ್ಲ. ಸಮಯದ ಮಿತಿಯ ಬಗ್ಗೆ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಜಾಲ ಸುಗಮತೆಯ (ಅಂಗವೈಕಲ್ಯವುಳ್ಳವರೂ ಸೇರಿ ಎಲ್ಲರಿಗೂ ಬಳಸಲು ಬರುವಂತೆ ಮಾಡುವ) ಮಾರ್ಗಸೂಚಿ ಬಹಳ ಹಿಂದೆಯೇ ಸ್ಪಷ್ಟವಾದ ದಾರಿಗಳನ್ನು ಹೇಳಿದೆ; ಅವುಗಳಲ್ಲೊಂದು, ಅವಧಿ ಮುಗಿಯುವ ಮೊದಲು ಎಚ್ಚರಿಕೆ ಕೊಟ್ಟು, ಒಂದು ಗುಂಡಿ ಒತ್ತುವಷ್ಟು ಸರಳವಾಗಿ ಅದನ್ನು ವಿಸ್ತರಿಸಲು ಕನಿಷ್ಠ 20 ಸೆಕೆಂಡು ಬಿಡುವುದು. ಅರ್ಧ ತುಂಬಿದ್ದನ್ನು ಉಳಿಸಿಡುವ ಗುಂಡಿಯೊಂದು ಇದ್ದುಬಿಟ್ಟರೆ ಈ ಪ್ರಶ್ನೆಯೇ ಏಳುವುದಿಲ್ಲ.

ಆಡಳಿತದ ಬಳಿ ಈಗಾಗಲೇ ಇರುವ ವಿವರವನ್ನು ಮತ್ತೆ ಮತ್ತೆ ಕೇಳುವುದು ಜನರಿಗೆ ಬಹಳ ಬೇಸರ ತರಿಸುವ ಸಂಗತಿ. ಒಂದು ವಿಭಾಗ ಕೊಟ್ಟ ಪ್ರಮಾಣಪತ್ರವನ್ನು ಮುದ್ರಿಸಿ, ಸ್ಕ್ಯಾನ್ ಮಾಡಿ, ಅದೇ ಕಟ್ಟಡದ ಇನ್ನೊಂದು ವಿಭಾಗಕ್ಕೆ ಏರಿಸಬೇಕಾಗಿ ಬರುವುದುಂಟು. ಎಸ್ಟೋನಿಯ ದೇಶ 2001ರಲ್ಲಿ ಎಕ್ಸ್-ರೋಡ್ ಎಂಬ ವಿನಿಮಯ ವ್ಯವಸ್ಥೆಯನ್ನು ಆರಂಭಿಸಿ, ಬೇರೆ ಬೇರೆ ಕಚೇರಿಗಳ ದತ್ತಾಂಶ ಆಯಾ ಕಚೇರಿಯಲ್ಲೇ ಇದ್ದುಕೊಂಡು, ಅಗತ್ಯವಿದ್ದಾಗ ಸುರಕ್ಷಿತವಾಗಿ ಒಂದರಿಂದ ಇನ್ನೊಂದಕ್ಕೆ ಹೋಗುವಂತೆ ಮಾಡಿತು. ಒಮ್ಮೆ ಕೊಟ್ಟದ್ದನ್ನು ಮತ್ತೊಮ್ಮೆ ಕೇಳಬಾರದೆಂಬ ಅದೇ ತತ್ವವನ್ನು ಯುರೋಪಿಯನ್ ಒಕ್ಕೂಟ 2018ರ ನಿಯಮವೊಂದರಲ್ಲಿ ಗಡಿಯಾಚೆಗಿನ ವ್ಯವಹಾರಗಳಿಗೂ ತಂದು, ಜನನ ನೋಂದಣಿಯ ದಾಖಲೆ, ವಾಸದ ದಾಖಲೆ, ವಿಳಾಸ ಬದಲಾವಣೆ ಮುಂತಾದ 21 ಪ್ರಕ್ರಿಯೆಗಳು ಪೂರ್ಣವಾಗಿ ಆನ್‌ಲೈನಿನಲ್ಲಿ ಸಿಗಬೇಕೆಂದು ಪಟ್ಟಿ ಮಾಡಿತು. ಇಂಥ ವ್ಯವಸ್ಥೆಗೆ ಗೋಪ್ಯತೆಯ ಗಟ್ಟಿಯಾದ ಕಾವಲು ಬೇಕು. ತನ್ನ ದಾಖಲೆಯನ್ನು ಯಾವ ಕಚೇರಿ ಯಾವಾಗ ನೋಡಿತೆಂದು ನಾಗರಿಕರಿಗೆ ತಿಳಿಯುವಂತಿರಬೇಕು.

ಅರ್ಜಿ ಸಲ್ಲಿಕೆಯಾದ ಕ್ಷಣದಲ್ಲಿ ಬಹಳ ಜನ ಮಾಡುವ ಕೆಲಸವೊಂದಿದೆ: ಸ್ವೀಕೃತಿ ಸಂಖ್ಯೆ ಇರುವ ಪರದೆಯನ್ನು ಸ್ಕ್ರೀನ್‌ಶಾಟ್ ತೆಗೆದುಕೊಳ್ಳುತ್ತಾರೆ. ಅದು ಸಾಲದೆಂದು ಕೆಲವರು ಇನ್ನೊಬ್ಬರ ಫೋನಿನಿಂದ ಆ ಪರದೆಯ ಫೋಟೊ ತೆಗೆಸುತ್ತಾರೆ, ಹಾಳೆಯ ಮೇಲೂ ಬರೆದುಕೊಂಡು ಮಡಚಿ ಇಟ್ಟುಕೊಳ್ಳುತ್ತಾರೆ. ಇ-ಮೇಲ್ ಬರುತ್ತದೆಂದು ಎಷ್ಟು ಹೇಳಿದರೂ ಅಷ್ಟೇ. ಇದನ್ನು ಅಜ್ಞಾನವೆಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ನಾಳೆ ಯಾರಾದರೂ ‘ನಿಮ್ಮ ಅರ್ಜಿ ಬಂದೇ ಇಲ್ಲ’ ಎಂದರೆ ತೋರಿಸಲು ಒಂದು ಸಾಕ್ಷಿ ಬೇಕೆಂಬ ಅನುಭವದ ಎಚ್ಚರ ಅದು. ಆಮೇಲೆ ದಿನಗಟ್ಟಲೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಮಾತನ್ನು ನೋಡುತ್ತ ಕೂರುತ್ತಾರೆ. ಯಾರ ಪರಿಶೀಲನೆಯಲ್ಲಿದೆ, ಏನಾದರೂ ಕೊರತೆಯಿದೆಯೇ, ಸಾಮಾನ್ಯವಾಗಿ ಇನ್ನೆಷ್ಟು ದಿನ ಬೇಕು ಎಂಬುದು ಗೊತ್ತಾಗದೆ ಕೊನೆಗೆ ದೂರವಾಣಿ ಎತ್ತುತ್ತಾರೆ ಅಥವಾ ಕಚೇರಿಗೇ ಹೋಗುತ್ತಾರೆ. ಬ್ರಿಟನ್ನಿನ ಆಡಳಿತ ಚಿಂತಕ ಜಾನ್ ಸೆಡನ್ ಇದನ್ನು ವೈಫಲ್ಯದಿಂದ ಹುಟ್ಟುವ ಬೇಡಿಕೆ ಎಂದು ಗುರುತಿಸಿದರು: ಮೊದಲ ಸಲವೇ ಸರಿಯಾಗಿ ಮಾಡದಿರುವುದರಿಂದ ಅಥವಾ ಹೇಳದಿರುವುದರಿಂದ ಬರುವ ಹೆಚ್ಚುವರಿ ಕೆಲಸ. ಈ ಕರೆಗಳನ್ನು ಸ್ವೀಕರಿಸಲು ಇನ್ನಷ್ಟು ಸಿಬ್ಬಂದಿ ಬೇಕೆಂದು ಕೇಳುವ ಬದಲು, ಕರೆ ಏಕೆ ಬಂತೆಂದು ನೋಡಿದರೆ ಬಹುಪಾಲಿಗೆ ಸ್ಥಿತಿಯ ಪುಟದಲ್ಲಿ ಎರಡು ಸಾಲು ಸೇರಿಸುವುದೇ ಪರಿಹಾರವಾದೀತು. ‘ನಿಮ್ಮ ಅರ್ಜಿ ಸ್ಥಳ ಪರಿಶೀಲನೆಗಾಗಿ ಕಾಯುತ್ತಿದೆ, ಈ ಹಂತಕ್ಕೆ ಸಾಮಾನ್ಯವಾಗಿ ಇಷ್ಟು ದಿನ ಬೇಕು, ಈಗ ನೀವು ಏನೂ ಮಾಡಬೇಕಾಗಿಲ್ಲ’ ಎಂಬ ಮಾತು ಎಷ್ಟೋ ಜನರನ್ನು ನೆಮ್ಮದಿಯಿಂದ ಮನೆಯಲ್ಲಿ ಕೂರಿಸಬಲ್ಲದು.

ಇಲ್ಲಿಯವರೆಗೆ ಹೇಳಿದ್ದು ತಮ್ಮ ಸ್ವಂತ ಕೆಲಸಕ್ಕಾಗಿ ಬರುವವರ ಮಾತು. ಇನ್ನೊಂದು ಬಗೆಯ ಓದುಗರು ಸಂಖ್ಯೆಯಲ್ಲಿ ಕಡಿಮೆಯಾದರೂ ಮಹತ್ವದಲ್ಲಿ ಕಡಿಮೆಯಲ್ಲ: ಬಜೆಟ್ ನೋಡುವವರು, ಸಭೆಯ ನಡಾವಳಿ ಓದುವವರು, ಟೆಂಡರಿನ ವಿವರ ಹುಡುಕುವವರು. ಸಾಮಾನ್ಯರಲ್ಲೂ ಈ ಆಸಕ್ತಿ ಇದ್ದಕ್ಕಿದ್ದಂತೆ ಹುಟ್ಟುವ ಸಂದರ್ಭವೊಂದಿದೆ, ತಮ್ಮ ಮನೆಯ ಪಕ್ಕದಲ್ಲೇ ಏನೋ ಕಟ್ಟಲು ಹೊರಟಾಗ. ಇಂಗ್ಲೆಂಡಿನಲ್ಲಿ ಕಟ್ಟಡದ ಯೋಜನಾ ಅರ್ಜಿಗಳ ನಕ್ಷೆ, ದಾಖಲೆಗಳೆಲ್ಲ ಕೌನ್ಸಿಲಿನ ಜಾಲತಾಣದಲ್ಲಿ ತೆರೆದಿರುತ್ತವೆ, ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 21 ದಿನಗಳ ಅವಕಾಶವಿರುತ್ತದೆ. ಅಂದಿನವರೆಗೆ ಆಡಳಿತದ ಜಾಲತಾಣವನ್ನು ಕಣ್ಣೆತ್ತಿಯೂ ನೋಡದವರು ನಕ್ಷೆಯ ಅಳತೆಗಳನ್ನು ಬೆರಳಿಟ್ಟು ಓದುವುದು ಇಂಥ ಹೊತ್ತಿನಲ್ಲಿ. ಅಂಥವರಿಗೆ ನಿರ್ಧಾರವಾದ ಮೇಲಿನ ಪ್ರಕಟಣೆಯಿಂದ ಯಾವ ಪ್ರಯೋಜನವೂ ಇಲ್ಲ. ನಿರ್ಧಾರಕ್ಕೆ ಮುಂಚೆ, ಮಾತನಾಡಲು ಇನ್ನೂ ಸಮಯವಿರುವಾಗ ಸಿಕ್ಕ ಮಾಹಿತಿಯಷ್ಟೇ ಅವರ ಕೈಯಲ್ಲಿ ಬಲವಾಗುತ್ತದೆ.

ಈ ಜಾಲತಾಣಗಳ ಮೇಲೆ ನಾವು ಎಷ್ಟು ಅವಲಂಬಿತರಾಗಿದ್ದೇವೆ ಎಂಬುದು ಅವು ನಿಂತುಹೋದಾಗ ಗೊತ್ತಾಗುತ್ತದೆ. 2019ರ ಮೇ ತಿಂಗಳಲ್ಲಿ ಬಾಲ್ಟಿಮೋರ್ ನಗರಾಡಳಿತದ ಕಂಪ್ಯೂಟರುಗಳನ್ನು ಸುಲಿಗೆಕೋರ ತಂತ್ರಾಂಶ ಲಾಕ್ ಮಾಡಿದಾಗ ನೀರಿನ ಬಿಲ್ಲುಗಳು ನಿಂತವು, ಮನೆ ಮಾರಾಟದ ವ್ಯವಹಾರಗಳು ಸ್ಥಗಿತಗೊಂಡವು. 2020ರ ಅಕ್ಟೋಬರಿನಲ್ಲಿ ಲಂಡನ್ನಿನ ಹ್ಯಾಕ್ನಿ ಕೌನ್ಸಿಲಿನ ಮೇಲೆ ಅದೇ ಬಗೆಯ ದಾಳಿ ನಡೆದು, ಮನೆ ಕೊಳ್ಳುವವರಿಗೆ ಬೇಕಾದ ಭೂ ದಾಖಲೆಗಳ ಶೋಧನೆ ತಿಂಗಳುಗಟ್ಟಲೆ ಅಸ್ತವ್ಯಸ್ತವಾಯಿತು. ಕಾಗದದ ಪರ್ಯಾಯವೊಂದನ್ನು ಸದಾ ಜೀವಂತವಾಗಿಟ್ಟುಕೊಳ್ಳಬೇಕೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಅಂಗವೈಕಲ್ಯವುಳ್ಳವರ ವಿಷಯದಲ್ಲಿ ಕಾನೂನುಗಳು ಈಗ ಗಟ್ಟಿಯಾಗುತ್ತಿವೆ. ಯುರೋಪಿಯನ್ ಒಕ್ಕೂಟದ 2016ರ ನಿರ್ದೇಶನ ಪುರಸಭೆಗಳೂ ಸೇರಿದಂತೆ ಸಾರ್ವಜನಿಕ ಸಂಸ್ಥೆಗಳ ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂದು ಕಡ್ಡಾಯಗೊಳಿಸಿತು. ಅಮೆರಿಕದ ನ್ಯಾಯಾಂಗ ಇಲಾಖೆ 2024ರಲ್ಲಿ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ ಅಂಥದೇ ನಿಯಮ ಹೊರಡಿಸಿತು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬಣ್ಣದ ವ್ಯತ್ಯಾಸ ಕನಿಷ್ಠ 4.5ಕ್ಕೆ 1ರ ಅನುಪಾತದಲ್ಲಿರಬೇಕು ಎಂಬಂಥ ಅಳತೆಗಳು ಆಗಲೇ ಹೇಳಿದ ಡಬ್ಲ್ಯು3ಸಿ ಮಾರ್ಗಸೂಚಿಯಲ್ಲಿವೆ. ಇವು ಕೆಲವರಿಗಾಗಿ ಮಾಡಿದ ನಿಯಮಗಳೆಂದು ತೋರಿದರೂ ಬಿಸಿಲಿನಲ್ಲಿ ನಿಂತು ಹಳೆಯ ಫೋನಿನ ಮಂಕು ಪರದೆಯನ್ನು ಓದುವ ಪ್ರತಿಯೊಬ್ಬರಿಗೂ ಉಪಕಾರಿ.

ವಿಶ್ವಸಂಸ್ಥೆ 2018ರಿಂದ ತನ್ನ ಇ-ಆಡಳಿತ ಸಮೀಕ್ಷೆಯಲ್ಲಿ ನಗರಗಳ ಜಾಲತಾಣಗಳಿಗೂ ಒಂದು ಸೂಚ್ಯಂಕ ಕೊಡುತ್ತಿದೆ. 40 ನಗರಗಳಿಂದ ಶುರುವಾದ ಅದು ಮುಂದೆ ಪ್ರತಿ ಸದಸ್ಯ ರಾಷ್ಟ್ರದ ಅತಿ ಹೆಚ್ಚು ಜನಸಂಖ್ಯೆಯ ನಗರವನ್ನು ಗುರಿಯಾಗಿಟ್ಟುಕೊಂಡಿತು. ಇಂಥ ಅಳತೆಗಳು ಬೇಕು. ಆದರೂ ಒಂದು ಸೌಲಭ್ಯ ಜಾಲತಾಣದಲ್ಲಿ ಇದೆಯೇ ಎಂದು ಹೊರಗಿನಿಂದ ನೋಡುವುದು ಬೇರೆ, ಅಗತ್ಯವಿದ್ದವರು ಅದನ್ನು ಕಂಡುಹಿಡಿದು ಕೆಲಸ ಮುಗಿಸಿಕೊಂಡು ಹೋದರೇ ಎಂದು ನೋಡುವುದು ಬೇರೆ. ಎರಡನೆಯದಕ್ಕೆ ಜನರ ಪಕ್ಕದಲ್ಲಿ ಕೂರುವುದನ್ನು ಬಿಟ್ಟು ನನಗೆ ಬೇರೆ ದಾರಿ ಕಂಡಿಲ್ಲ.

ಪಕ್ಕದಲ್ಲಿ ಕೂತವರ ವಿಚಾರವನ್ನೂ ಜಾಲತಾಣಗಳು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅರ್ಜಿದಾರರೇ ಸ್ವತಃ ತಮ್ಮ ಫೋನು, ತಮ್ಮ ಇ-ಮೇಲ್ ಹಿಡಿದು ಕುಳಿತಿದ್ದಾರೆಂದು ಅವು ನಂಬಿರುತ್ತವೆ. ವಾಸ್ತವದಲ್ಲಿ ಮಗಳು, ಮೊಮ್ಮಗ, ನೆರೆಯವರು, ಗ್ರಂಥಾಲಯದವರು ಹೀಗೆ ಯಾರೋ ಅವರ ಪರವಾಗಿ ತುಂಬುತ್ತಿರುತ್ತಾರೆ. ಫ್ರಾನ್ಸಿನ ಹಕ್ಕುಗಳ ರಕ್ಷಕ ಸಂಸ್ಥೆ 2019ರ ವರದಿಯಲ್ಲಿ, ಆಡಳಿತವನ್ನೆಲ್ಲ ಆನ್‌ಲೈನಿಗೆ ಸಾಗಿಸುವ ಭರದಲ್ಲಿ ಹಲವರು ತಮ್ಮ ಹಕ್ಕುಗಳಿಂದಲೇ ದೂರವಾಗುವ ಅಪಾಯವನ್ನು ಎತ್ತಿ ತೋರಿಸಿತು. 2020ರಿಂದ ಆ ದೇಶ ಹಲವು ಸಾರ್ವಜನಿಕ ಸಂಸ್ಥೆಗಳ ಕೆಲಸಗಳಿಗೆ ಒಂದೇ ಕಡೆ ನೆರವು ಸಿಗುವ ಕೇಂದ್ರಗಳನ್ನು ತೆರೆಯುತ್ತ ಬಂತು. ಅಲ್ಲಿನ ‘ಎದಾಂ ಕನೆಕ್ಟ್’ ಎಂಬ ವ್ಯವಸ್ಥೆಯಲ್ಲಿ, ನೆರವು ನೀಡುವ ವೃತ್ತಿಪರರು ನಾಗರಿಕರ ಒಪ್ಪಿಗೆಯ ಪತ್ರ ಪಡೆದು, ಅವರ ಪಾಸ್‌ವರ್ಡ್ ಕೇಳದೆಯೇ, ಅವರ ಪರವಾಗಿ ಕಾನೂನುಬದ್ಧವಾಗಿ ಅರ್ಜಿ ಹಾಕಬಹುದು. ಡೆನ್ಮಾರ್ಕ್ 2014ರಲ್ಲಿ ಸರ್ಕಾರಿ ಪತ್ರಗಳನ್ನು ಡಿಜಿಟಲ್ ಅಂಚೆಯಲ್ಲೇ ಪಡೆಯಬೇಕೆಂದು ಕಡ್ಡಾಯ ಮಾಡಿದಾಗಲೂ, ಅದನ್ನು ಬಳಸಲಾಗದವರು ವಿನಾಯಿತಿ ಕೇಳಿ ಕಾಗದದಲ್ಲೇ ಪಡೆಯುವ ಅವಕಾಶವನ್ನು ಉಳಿಸಿಕೊಂಡಿತು.

ನಮ್ಮ ಗ್ರಂಥಾಲಯಕ್ಕೆ ಬರುವವರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟಾಗ ನಾನು ಅದನ್ನು ವಾಪಸ್ ಕೊಟ್ಟು, ಅವರಿಂದಲೇ ಟೈಪ್ ಮಾಡಿಸುತ್ತೇನೆ, ನಿಧಾನವಾದರೂ ಪರವಾಗಿಲ್ಲ. ಮೊಬೈಲ್ ಸಂಖ್ಯೆ ಕೇಳುವ ಜಾಗದಲ್ಲಿ ನನ್ನ ಸಂಖ್ಯೆಯನ್ನು ಹಾಕಲು ಅವರು ಎಷ್ಟೇ ಒತ್ತಾಯಿಸಿದರೂ ಒಪ್ಪುವುದಿಲ್ಲ, ಏಕೆಂದರೆ ಮುಂದೆ ಕೊರತೆಯ ಸೂಚನೆಯೋ ಮಂಜೂರಾತಿಯ ಸುದ್ದಿಯೋ ಬಂದಾಗ ಅದು ಅವರಿಗೆ ತಲುಪಬೇಕು. ಆ ನಮೂನೆಯಲ್ಲಿ ನಾನು ಬಯಸುವ ಬದಲಾವಣೆ ಇಷ್ಟೇ: ‘ನೆರವು ನೀಡಿದವರು’ ಎಂಬ ಪ್ರತ್ಯೇಕ ಜಾಗ, ‘ಸ್ವೀಕೃತಿ ಪತ್ರವನ್ನು ಅಂಚೆಯಲ್ಲೂ ಕಳುಹಿಸಿ’ ಎಂಬ ಒಂದು ಆಯ್ಕೆ, ಮತ್ತು ಸ್ವೀಕೃತಿ ಸಂಖ್ಯೆಯೊಂದನ್ನೇ ಹೇಳಿದರೆ ಅರ್ಜಿ ಎಲ್ಲಿದೆಯೆಂದು ತಿಳಿಸಬಲ್ಲ, ಮನುಷ್ಯರು ಉತ್ತರಿಸುವ ಒಂದು ದೂರವಾಣಿ ಸಂಖ್ಯೆ.